ರವಿಕೆ ತೋಳಿನ ಗೆರೆ

ಹೋದ ವರ್ಷ ಸುಗ್ಗಿ ಮುಗಿದ ಮೇಲೆ ನನ್ನನ್ನು ನೋಡೋಕೆ ಒಂದು ಗಂಡಿನ ಕಡೆಯವರು ಬಂದಿದ್ದರು. ಹೊರಗಿನವರಲ್ಲ, ನಮ್ಮೋರೇ. ಹುಡುಗ ಬೆಂಗಳೂರಿನಲ್ಲಿ ಗುಮಾಸ್ತ. ಹುಡುಗನ ಅಪ್ಪ ಒಳಗೆ ಕಾಲಿಟ್ಟವರೇ ಗೋಡೆ ಮೇಲಿನ ಬಾಬಾಸಾಹೇಬರ ಪಟಕ್ಕೆ ಕೈಮುಗಿದು 'ಜೈ ಭೀಮ್' ಅಂದರು. ನಮ್ಮಪ್ಪನಿಗೆ ಅಷ್ಟಕ್ಕೇ ಎದೆ ತುಂಬಿ ಬಂತು. ಉಪ್ಪಿಟ್ಟು, ಕೇಸರಿಬಾತು ತಿಂದರು. ಕಾಫಿ ಕುಡಿದರು. ಎಷ್ಟು ಓದಿದ್ದೀಯಮ್ಮ ಅಂದರು. ಎಂ.ಎ., ಬಿ.ಎಡ್. ಅಂದೆ. ಹುಡುಗನ ಅಕ್ಕ ಮಾತ್ರ ಏನೂ ಕೇಳಲಿಲ್ಲ. 'ಬೆಳಕಿಗೆ ಬಾ' ಅಂತ ಬಾಗಿಲ ಹತ್ತಿರ ಕರೆದು ನಿಲ್ಲಿಸಿ ಮೊಬೈಲಿನಲ್ಲಿ ಪಟ ಹಿಡಿದಳು.

ಮೂರು ದಿನ ಬಿಟ್ಟು, ಸಂಬಂಧ ತಂದಿದ್ದ ಮಾವ ಅಪ್ಪನಿಗೆ ಫೋನು ಮಾಡಿದ. 'ಎಲ್ಲಾ ಒಪ್ಗ ಆಗದ ಕನಪ್ಪ, ಆದ್ರ ಕೂಸು ಚೂರು ಕಪ್ಪಾಯ್ತು ಅಂತರ.'

ಆ ಹುಡುಗ ನನಗಿಂತ ಒಂದು ಕೈ ಹೆಚ್ಚೇ ಕಪ್ಪು. ಹೊಟ್ಟೆಯುರಿಗೆ ಹೇಳುತ್ತಿಲ್ಲ. ನೋಡೋಕೆ ಚೆನ್ನಾಗೇ ಇದ್ದ. ಅವನು ಕಪ್ಪು ಅನ್ನೋದು ಫೋನು ಬರೋ ತನಕ ನನ್ನ ಕಣ್ಣಿಗೆ ಬಿದ್ದಿರಲೇ ಇಲ್ಲ. ಗಂಡಿನ ಕಪ್ಪನ್ನು ಮುಚ್ಚೋಕೆ ಒಂದು ನೌಕರಿ ಸಾಕು, ನನ್ನ ಕಪ್ಪಿಗೆ ಎರಡು ಪದವಿಯೂ ಸಾಲಲಿಲ್ಲ.

ಗೆಳೆಯರೇ, ಇದನ್ನು ಇಲ್ಲಿ ಬರೆಯೋಕೆ ನನಗೆ ಸಂಕೋಚ ಇದೆ. ಭೂಮಿ, ಕೂಲಿ, ಸ್ಮಶಾನದ ಜಾಗ, ಬೆಂಕಿ ಬಿದ್ದ ಕೇರಿ, ಇವುಗಳ ಬಗ್ಗೆ ಬರೆಯೋ ಪುಟದಲ್ಲಿ ಒಬ್ಬ ಹುಡುಗಿಯ ಮುಖದ ಬಣ್ಣದ ಮಾತು ಯಾಕೆ ಅಂತ ಕೇಳುವವರಿದ್ದಾರೆ. ಒಬ್ಬ ಹಿರಿಯರು ಕೇಳಿಯೇಬಿಟ್ಟರು: 'ಅದೆಲ್ಲಾ ಮಧ್ಯಮ ವರ್ಗದ ಹೆಣ್ಣುಮಕ್ಕಳ ಗೋಳು ಕಣಮ್ಮ.' ನಿಮ್ಮ ಮಗನಿಗೆ ಹೆಣ್ಣು ನೋಡೋವಾಗ ಏನು ಮಾಡಿದಿರಿ ಅಣ್ಣ ಅಂತ ನಾನು ತಿರುಗಿ ಕೇಳಲಿಲ್ಲ. ಕೇಳಬೇಕಿತ್ತು. ಆವತ್ತು ಕೇಳದೆ ಬಂದದ್ದಕ್ಕೇ ಇವತ್ತು ಬರೀತಾ ಇದ್ದೀನಿ.

ನಮ್ಮೂರು ತಿ. ನರಸೀಪುರದ ಕಡೆ. ನಾಲೆ ನೀರಿನ ಊರು, ಭತ್ತದ ಸೀಮೆ. ಅವ್ವ ನಾಟಿಗೆ, ಕಳೆಗೆ, ಕುಯ್ಲಿಗೆ ಹೋಗ್ತಾಳೆ. ನಾಟಿ ಅಂದರೆ ಬೆನ್ನು ಬಗ್ಗಿಸಿ, ಮುಖ ನೀರಿಗೆ ಮಾಡಿ, ಹಿಂದು ಹಿಂದಕ್ಕೆ ಹೆಜ್ಜೆ ಇಡೋ ಕೆಲಸ. ಬಿಸಿಲು ಮೇಲಿಂದ ಒಂದು ಸಲ ಸುಡುತ್ತೆ, ಗದ್ದೆ ನೀರಿಗೆ ಬಿದ್ದು ಕೆಳಗಿಂದ ಇನ್ನೊಂದು ಸಲ ಸುಡುತ್ತೆ. ಚಿಕ್ಕವಳಿದ್ದಾಗ ಅವ್ವನ ಬೆನ್ನು ಉಜ್ಜೋಕೆ ಬಚ್ಚಲಿಗೆ ಹೋದವಳು ಅವಳ ತೋಳು ನೋಡಿದೆ. ರವಿಕೆ ತೋಳು ಮುಗಿಯೋ ಕಡೆ ದಾರ ಬಿಗಿದಂಗೆ ಒಂದು ಗೆರೆ. ಗೆರೆಯಿಂದ ಮೇಲೆ ಅವ್ವ ಎಣ್ಣೆಗೆಂಪು. ಗೆರೆಯಿಂದ ಕೆಳಗೆ ಬಾಣಲೆ ತಳ. ಒಬ್ಬಳೇ ಹೆಂಗಸಿನ ಮೈಮೇಲೆ ಎರಡು ಬಣ್ಣ. ಯಾಕವ್ವ ಹಿಂಗೆ ಅಂದೆ. 'ಮ್ಯಾಲಿಂದು ನಮ್ಮವ್ವ ಕೊಟ್ಟದ್ದು ಕನ ಮೊಗ. ಕೆಳಗಿಂದು ಗೌಡ್ರ ಗದ್ದ ಕೊಟ್ಟದ್ದು' ಅಂತ ನಕ್ಕಳು.

ಚರ್ಮದೊಳಗೆ ಮೆಲನಿನ್ ಅನ್ನೋ ಬಣ್ಣದ ವಸ್ತು ಇದೆ, ಬಿಸಿಲು ಹೆಚ್ಚಿದಷ್ಟೂ ಮೈ ಅದನ್ನು ಹೆಚ್ಚು ಮಾಡಿಕೊಳ್ಳುತ್ತೆ, ಅದು ಸುಡೋ ಕಿರಣ ಒಳಗಿಳಿಯದಂಗೆ ತಡೆಯೋ ಕಾವಲು ಅಂತ ಆಮೇಲೆ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು ಹೇಳಿಕೊಟ್ಟರು. ಅವ್ವ ಹೇಳಿದ್ದೂ ಹೆಚ್ಚುಕಮ್ಮಿ ಅದನ್ನೇ, ಕೂಲಿಯ ಲೆಕ್ಕ ಸೇರಿಸಿ. ಎಲ್ಲಾ ಕಪ್ಪೂ ಬಿಸಿಲಿನದಲ್ಲ, ಹುಟ್ಟಿನದೂ ಇದೆ. ನನ್ನದು ಹುಟ್ಟಿನದು. ಮೇಲಿನ ಕೇರಿಯಲ್ಲೂ ಇದ್ದಿಲಿನಂಥವರಿದ್ದಾರೆ, ನಮ್ಮ ಕೇರಿಯಲ್ಲೂ ಸಂಪಿಗೆಯಂಥವರಿದ್ದಾರೆ. ಆದರೆ ನೋಡೋ ಕಣ್ಣು ಹಂಗೆ ವಿಂಗಡಿಸಿ ನೋಡಲ್ಲ. ಕಪ್ಪು ಕಂಡರೆ ಗದ್ದೆ ಕಾಣುತ್ತೆ, ಗದ್ದೆ ಕಂಡರೆ ಕೇರಿ ಕಾಣುತ್ತೆ.

ಪಿ.ಯು.ಸಿ.ಗೆ ಹಾಸ್ಟೆಲ್ಲು ಸೇರಿದೆ. ಒಂದು ರೂಮಿಗೆ ಎಂಟು ಜನ, ಎಂಟು ಜನಕ್ಕೂ ಸೇರಿ ಅಂಗೈಯಗಲದ ಒಂದು ಕನ್ನಡಿ. ಊಟದ ದುಡ್ಡಲ್ಲಿ ಉಳಿಸಿ ಎಲ್ಲರೂ ಕ್ರೀಮು ಕೊಳ್ಳುತ್ತಿದ್ದೆವು. ಬೆಳ್ಳಗೆ ಮಾಡ್ತೀನಿ ಅನ್ನೋ ಆ ಹೆಸರುವಾಸಿ ಕ್ರೀಮು ಈ ದೇಶದ ಅಂಗಡಿಗೆ ಬಂದದ್ದು 1975ರಲ್ಲಿ. ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಬಂದದ್ದೂ ಅದೇ ವರ್ಷ. ಎರಡರಲ್ಲಿ ಯಾವುದು ನಮ್ಮ ಕೇರಿಗಳ ಒಳಗೆ ಮೊದಲು ಹೊಕ್ಕಿತು, ಯಾವುದು ಹೆಚ್ಚು ಮನೆ ಮುಟ್ಟಿತು ಅಂತ ಯೋಚನೆ ಮಾಡಿ. 2020ರಲ್ಲಿ ಅಮೆರಿಕದ ಪೊಲೀಸನೊಬ್ಬ ಜಾರ್ಜ್ ಫ್ಲಾಯ್ಡ್ ಅನ್ನೋ ಕಪ್ಪು ಮನುಷ್ಯನ ಕತ್ತಿನ ಮೇಲೆ ಮಂಡಿಯೂರಿ ಕೊಂದ. ಲೋಕವೆಲ್ಲಾ ಬೀದಿಗಿಳಿಯಿತು. ಆ ಗದ್ದಲದಲ್ಲಿ ಕಂಪನಿಯವರು ಕ್ರೀಮಿನ ಹೆಸರಲ್ಲಿದ್ದ 'ಫೇರ್' ಅನ್ನೋ ಪದ ಕಿತ್ತು 'ಗ್ಲೋ' ಅಂತ ಮಾಡಿದರು. ನಮ್ಮೂರ ಅಂಗಡಿಯಲ್ಲಿ ಹುಡುಗಿಯರು ಈಗಲೂ ಹಳೇ ಹೆಸರು ಹೇಳಿಯೇ ಕೇಳ್ತಾರೆ. ಅಂಗಡಿಯವನಿಗೂ ಗೊತ್ತಾಗುತ್ತೆ.

ಅದರಿಂದ ನನಗೇನೂ ಆಗಲಿಲ್ಲ, ಒಳ್ಳೆಯದೂ ಆಗಲಿಲ್ಲ ಕೆಟ್ಟದ್ದೂ ಆಗಲಿಲ್ಲ. ಕೆಟ್ಟದ್ದಾದದ್ದು ಔಷಧಿ ಅಂಗಡಿಯಿಂದ ಗೆಳತಿ ತಂದುಕೊಟ್ಟ ಒಂದು ಸಣ್ಣ ಟ್ಯೂಬಿನಿಂದ. ಹದಿನೈದು ದಿನಕ್ಕೇ ಮುಖ ತಿಳಿಯಾಯಿತು. ಊರಿಗೆ ಹೋದಾಗ ಚಿಕ್ಕಮ್ಮ 'ಪಟ್ಣದ ನೀರು ಹಿಡಿಸದ ಕೂಸ್ಗ' ಅಂದಳು. ಆ ಒಂದು ಮಾತಿಗೆ ಆರು ತಿಂಗಳು ಹಚ್ಚಿದೆ. ಆಮೇಲೆ ಕೆನ್ನೆ ಕೆಂಪಾಗಿ ಉರಿಯೋಕೆ ಹತ್ತಿತು. ಬಿಸಿಲಿಗೆ ಹೋದರೆ ಮೆಣಸಿನಕಾಯಿ ಅರೆದು ಬಳಿದಂಗೆ. ಬಿಟ್ಟರೆ ಉರಿ ಇನ್ನೂ ಹೆಚ್ಚು, ಹಚ್ಚಿದರೆ ಒಂದು ದಿನ ತಣ್ಣಗೆ. ಗದ್ದದ ಮೇಲೆ ಕೂದಲು ಬೇರೆ. ಕೊನೆಗೆ ಮೈಸೂರಿನ ದೊಡ್ಡಾಸ್ಪತ್ರೆಯ ಚರ್ಮದ ಡಾಕ್ಟರಮ್ಮ ಟ್ಯೂಬಿನ ಮೇಲಿನ ಸಣ್ಣ ಅಕ್ಷರ ಓದಿ ಹೇಳಿದರು: ಇದು ಸ್ಟೀರಾಯ್ಡು, ಚರ್ಮವನ್ನು ತೆಳ್ಳಗೆ ಮಾಡುತ್ತೆ, ನೀನು ಬೆಳ್ಳಗಾಗಿಲ್ಲಮ್ಮ, ತೆಳ್ಳಗಾಗಿದ್ದೀಯ. ಇದನ್ನು ಡಾಕ್ಟರ ಚೀಟಿ ಇಲ್ಲದೆ ಮಾರಬಾರದು ಅಂತ ಕಾನೂನಿದೆ. ಆದರೂ ಕೌಂಟರಿನಲ್ಲಿ ಸಿಗುತ್ತೆ. ಹಳ್ಳಿ ಶಾಲೆಯ ಮೇಷ್ಟ್ರುಗಳು ಈ ಒಂದು ಮಾತನ್ನಾದರೂ ನಿಮ್ಮ ಹೆಣ್ಣುಮಕ್ಕಳ ಕಿವಿಗೆ ಹಾಕಿ. ಗಂಡುಹುಡುಗರ ಕಿವಿಗೂ ಹಾಕಿ, ಅವರೂ ಕದ್ದು ಹಚ್ತಾರೆ.

ಮುಖ ಸರಿಯಾಗೋಕೆ ವರ್ಷದ ಹತ್ತಿರ ಹಿಡಿಯಿತು. ಆ ರಜದಲ್ಲಿ ಹೊರಗೆ ಹೋಗದೆ ಅಜ್ಜಿಯ ಜೊತೆ ಒಳಗೇ ಇದ್ದೆ. ಅಜ್ಜಿಯ ಎರಡೂ ಕೈ ತುಂಬಾ ಹಚ್ಚೆ, ಕಪ್ಪು ಮೈ ಮೇಲೆ ಹಸಿರು ಹಚ್ಚೆ. ಕೊರವಂಜಿಯ ಕೈಲಿ ಹುಯ್ಯಿಸಿಕೊಂಡಾಗ ಎಷ್ಟು ಕೂಗಿದ್ದಳೋ, ಅದನ್ನು ಹೇಳುವಾಗ ಅಷ್ಟೇ ಹೆಮ್ಮೆ. ಚಿನ್ನವಾದರೆ ಸೇಟು ತಗೊಂಡು ಹೋಗ್ತಾನೆ, ಇದನ್ನ ಯಾವನು ತಗೊಂಡು ಹೋದಾನು ಅನ್ನೋಳು. ಅಜ್ಜಿಯ ಬಾಯಲ್ಲಿ ಯಾರನ್ನಾದರೂ ಹೊಗಳಿದರೆ 'ಏನ್ ಕೈ ಅವಳ್ದು!' ಅಂತಲೇ. ಮುಖ ಅನ್ನೋದನ್ನ ಅವಳು ಲೆಕ್ಕಕ್ಕೇ ಇಡಲಿಲ್ಲ.

ರಾತ್ರಿ ಅವಳು ಮಾದಪ್ಪನ ಕತೆ ಹೇಳೋಳು. ದೇವರಗುಡ್ಡರು ಕಂಸಾಳೆ ಹಿಡಿದು ರಾತ್ರಿಯಿಡೀ ಹಾಡೋದನ್ನು ಕೇಳಿ ಕೇಳಿ ಅವಳಿಗೆ ಬಾಯಿಗೆ ಬಂದಿತ್ತು. ಅದರಲ್ಲಿ ಸಂಕಮ್ಮನ ಸಾಲು ಬಂದರೆ ಅಜ್ಜಿ ಎದ್ದು ಕೂರೋಳು. ಸೋಲಿಗರ ನೀಲೇಗೌಡ ಜೇನಿಗೆ ಕಾಡಿಗೆ ಹೊರಟವನು ಹೆಂಡತಿಯ ಚೆಲುವು ನೋಡಿ ಅನುಮಾನ ಪಡುತ್ತಾನೆ. ನಾನು ಬರೋ ತನಕ ನೆಟ್ಟಗಿರ್ತೀನಿ ಅಂತ ಭಾಷೆ ಕೊಡು ಅಂತಾನೆ. ಸಂಕಮ್ಮ ಕೊಡಲ್ಲ. ತಪ್ಪು ಮಾಡೋಳಲ್ಲ, ಆದರೂ ಭಾಷೆ ಕೊಡಲ್ಲ. ಅವನು ಕೊಟ್ಟ ಹಿಂಸೆಯನ್ನೆಲ್ಲ ತಡೀತಾಳೆ. ಒಂದು ಮಾತು ಕೊಟ್ಟುಬಿಟ್ಟಿದ್ದರೆ ಆಗ್ತಿತ್ತಲ್ಲಜ್ಜಿ ಅಂದೆ. 'ಯಾಕ ಕೊಡಬೇಕು?' ಅಂತ ನನ್ನನ್ನೇ ಗದರಿದಳು, ನಾನೇ ನೀಲೇಗೌಡ ಅನ್ನೋ ಹಂಗೆ.

ಎಂ.ಎ.ಗೆ ಮೈಸೂರು ಸೇರಿದಾಗ ಒಂದು ವಿದ್ಯಾರ್ಥಿ ಬಳಗದ ಜೊತೆ ಓಡಾಡಿದೆ. ತಮಟೆ, ಬೀದಿನಾಟಕ, ಅಭ್ಯಾಸ ಶಿಬಿರ. ಬದುಕಿನಲ್ಲಿ ಮೊದಲ ಸಲ ಮೈಕಿನ ಮುಂದೆ ನಿಂತು ಮಾತಾಡಿದ್ದು ಅಲ್ಲಿ. ಮೊದಲ ವಾಕ್ಯಕ್ಕೆ ಕಾಲು ನಡುಗಿತು, ಮೂರನೆಯದಕ್ಕೆ ನಿಂತಿತು. ನನ್ನ ದನಿ ದೊಡ್ಡದು ಅನ್ನೋದು ನನಗೇ ಗೊತ್ತಿರಲಿಲ್ಲ. ಕನ್ನಡಿ ಮುಂದೆ ಕಳೆದ ಆರು ತಿಂಗಳಲ್ಲಿ ಸಿಗದ್ದು ಆ ಐದು ನಿಮಿಷದಲ್ಲಿ ಸಿಕ್ಕಿತು.

ಒಂದು ಶಿಬಿರದಲ್ಲಿ ಮಹಾಡದ ಕತೆ ಬಂತು. 1927ರ ಡಿಸೆಂಬರಿನಲ್ಲಿ ಅಲ್ಲಿ ಮನುಸ್ಮೃತಿ ಸುಟ್ಟದ್ದು ಎಲ್ಲರಿಗೂ ಗೊತ್ತು. ಅದೇ ಸಮಾವೇಶದಲ್ಲಿ ಬಾಬಾಸಾಹೇಬರು ಹೆಂಗಸರನ್ನೇ ಕೂರಿಸಿಕೊಂಡು ಮಾತಾಡಿದ್ದು ಅಷ್ಟು ಜನಕ್ಕೆ ಗೊತ್ತಿಲ್ಲ. ನೀವು ಸೀರೆ ಉಡೋ ರೀತಿ, ಕತ್ತಿಗೆ ಕೈಗೆ ಹೇರಿಕೊಂಡಿರೋ ಒಡವೆ, ಇವೇ ನಿಮ್ಮ ಜಾತಿಯ ಗುರುತಾಗಿವೆ, ಬಿಡಿ ಅಂದರು. ಮೈಮುಚ್ಚೋ ಹಂಗೆ ಸೀರೆ ಉಡಿ, ಹೆಣ್ಣುಮಕ್ಕಳನ್ನು ಓದಿಸಿ ಅಂದರು. 1942ರಲ್ಲಿ ನಾಗಪುರದ ಮಹಿಳಾ ಸಮ್ಮೇಳನದಲ್ಲಿ, ಮದುವೆಗೆ ಅವಸರ ಮಾಡಬೇಡಿ, ಗಂಡನ ಎದುರು ಗೆಳತಿಯಾಗಿ, ಸಮಾನಳಾಗಿ ನಿಲ್ಲಿ, ಗುಲಾಮಳಾಗಬೇಡಿ ಅಂದರು. ನನ್ನ ತಲೆಯೊಳಗೆ ಒಂದು ಹುಳು ಹೊಕ್ಕಿತು. ಗುರುತು ಬಿಡಿ ಅಂದರಲ್ಲ, ಹಂಗಾದರೆ ನಾನು ಕ್ರೀಮು ಹಚ್ಚಿದ್ದೂ ಗುರುತು ಬಿಡೋ ಕೆಲಸವೇ ಅಲ್ಲವಾ? ಶಿಬಿರದಲ್ಲಿ ಕೇಳೋಕೆ ನಾಚಿಕೆಯಾಯಿತು. ಉತ್ತರ ಸಿಕ್ಕಿದ್ದು ಆಮೇಲೆ, ಬೇರೆ ಕಡೆಯಿಂದ.

ಬಳಗದಲ್ಲಿ ಅವನಿದ್ದ. ಮೇಲಿನ ಕೇರಿಯವನು. ಒಳ್ಳೆಯವನೇ. ನಮ್ಮ ಹಾಸ್ಟೆಲ್ಲಿಗೆ ಬಂದು ತಟ್ಟೆ ಹಂಚಿಕೊಂಡು ಉಂಡಿದ್ದಾನೆ, ಲಾಠಿ ಏಟು ತಿಂದಿದ್ದಾನೆ. ಪದ್ಯ ಬರೀತಿದ್ದ. ಅವನ ಪದ್ಯದಲ್ಲಿ ಒಬ್ಬಳು ಕಪ್ಪು ಹುಡುಗಿ ಬರೋಳು. ಎರೆ ಮಣ್ಣು, ಮಳೆ ಮೋಡ, ಸುಟ್ಟ ಮಡಕೆ ಅಂತೆಲ್ಲಾ ಅವಳನ್ನು ಕರೆಯೋನು. ಗೋಷ್ಠಿಯಲ್ಲಿ ಓದಿದಾಗ ಎಲ್ಲರೂ ನನ್ನ ಕಡೆ ನೋಡಿ ಚಪ್ಪಾಳೆ ತಟ್ಟಿದರು. ಸುಳ್ಳು ಯಾಕೆ ಹೇಳಲಿ, ನನಗೆ ಕುಶಿಯಾಯಿತು. ಎರಡು ವರ್ಷ ಜೊತೆಗೆ ಓಡಾಡಿದೆವು. ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಕೂತು ಕಡಲೆಕಾಯಿ ತಿಂದು ಲೋಕ ಬದಲಾಯಿಸೋ ಮಾತಾಡಿದೆವು. ಒಂದು ದಿನ ಅವನು ನನ್ನ ಗಲ್ಲ ಹಿಡಿದು ಪ್ರೀತಿಯಿಂದಲೇ ಅಂದ: 'ನಿನ್ನನ್ನು ನೋಡಿದರೆ ಆ ಜಾತಿಯವಳು ಅಂತ ಯಾರೂ ಹೇಳಲ್ಲ ಗೊತ್ತಾ?'

ಆವತ್ತು ನಾನು ನಕ್ಕೆ. ನಕ್ಕದ್ದು ಇವತ್ತಿಗೂ ಉರಿಯುತ್ತೆ, ಟ್ಯೂಬಿನ ಉರಿಗಿಂತ ಹೆಚ್ಚು.

ಮದುವೆ ಮಾತು ಬಂತು. ವಿಶೇಷ ವಿವಾಹ ಕಾಯ್ದೆ, 1954ರದು, ಓದಿಕೊಂಡಿದ್ದೆವು. ಮೂವತ್ತು ದಿನ ಮೊದಲು ನೋಟೀಸು ಕೊಡಬೇಕು, ಅದನ್ನು ಕಚೇರಿಯಲ್ಲಿ ಎಲ್ಲರ ಕಣ್ಣಿಗೂ ಬೀಳೋ ಕಡೆ ಅಂಟಿಸ್ತಾರೆ. ಅದು ಅವನಿಗೆ ಭಯ. ಗುಡಿಯಲ್ಲಿ ತಾಳಿ ಕಟ್ಟಿ ನೋಂದಾಯಿಸೋಣ ಅಂದ. ನನಗೆ ಗುಡಿ ಬೇಡ. ಕೊನೆಗೆ, ಮೊದಲು ಮನೆಗೆ ಬಾ, ಅವ್ವ ಅಪ್ಪ ನಿನ್ನನ್ನು ನೋಡಲಿ, ಮೆಚ್ಚಿಕೊಳ್ಳಲಿ, ಆಮೇಲೆ ನಿಧಾನಕ್ಕೆ ಹೇಳೋಣ ಅಂದ. ಅವರ ನಡುಮನೆಯಲ್ಲಿ ಬಸವಣ್ಣನ ದೊಡ್ಡ ಪಟ ಇದೆಯಂತೆ. ಬಸ್ಸಿಳಿದು ಅವನ ಊರ ಬಾಗಿಲ ಹತ್ತಿರ ಬಂದೆವು. ಅರಳಿಕಟ್ಟೆ ಹತ್ತಿರ ನಿಂತು ಅವನು ಮೆಲ್ಲಗೆ ಹೇಳಿದ: 'ಕೇಳಿದರೆ ಬೇರೆ ಏನಾದರೂ ಹೇಳು. ನಿನ್ನದನ್ನ ಹೇಳಲ್ಲ ಅಂತ ಮಾತು ಕೊಡು. ನನಗೋಸ್ಕರ.' ಕೈಯನ್ನೂ ಚಾಚಿದ.

ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಮದುವೆ ಮಾಡಿದ್ದಕ್ಕೆ ಅಪ್ಪಂದಿರ ಕಣ್ಣು ಕಿತ್ತು ಆನೆಕಾಲಿಗೆ ಕಟ್ಟಿ ಎಳೆಸಿದರು ಅಂತ ಇವನೇ ನನಗೆ ಭಾಷಣದಲ್ಲಿ ಹೇಳಿದ್ದ. ನಾನು ಅವನ ಕೈ ನೋಡಿದೆ. ಅಜ್ಜಿ ಗದರಿದ್ದು ಕೇಳಿಸಿತು. ಒಡವೆ ಬಿಡಿ ಅಂದ ಬಾಬಾಸಾಹೇಬರು ಹೆಸರು ಬಚ್ಚಿಡಿ ಅಂದಿರಲಿಲ್ಲ. ಆ ಹೆಂಗಸರು ಸೀರೆ ಬದಲಿಸಿ ಉಟ್ಟದ್ದು ಸಾವಿರಾರು ಜನರ ನಡುವೆ, ತಾವು ಯಾರು ಅಂತ ಎಲ್ಲರಿಗೂ ಗೊತ್ತಿರೋ ಕಡೆ. ನಾನು ಮುಖ ಬದಲಿಸೋಕೆ ಹೊರಟದ್ದು ಯಾರಿಗೂ ಗೊತ್ತಾಗದಿರಲಿ ಅಂತ. ಕೈ ಕೊಡಲಿಲ್ಲ. ಅದೇ ಬಸ್ಸು ತಿರುಗಿಸಿಕೊಂಡು ನಿಂತಿತ್ತು, ಹತ್ತಿ ಕೂತೆ. ಅವನು ಕಿಟಕಿ ಹತ್ತಿರ ಬಂದು ಅಳುತ್ತಿದ್ದ. ಅವನ ಅಳು ಸುಳ್ಳಲ್ಲ, ಅದೂ ನನಗೆ ಗೊತ್ತು. ಮೈಸೂರು ಬರೋ ತನಕ ನಾನೂ ಅತ್ತೆ. ಕಂಡಕ್ಟರು ಟಿಕೆಟ್ಟು ಕೇಳೋಕೂ ಹಿಂದೆಮುಂದೆ ನೋಡಿದ.

ಈಗ ಒಂದು ಹೈಸ್ಕೂಲಿನಲ್ಲಿ ಅತಿಥಿ ಶಿಕ್ಷಕಿ. ಅತಿಥಿ ಅಂದರೆ ಸಂಬಳ ಯಾವಾಗ ಬರುತ್ತೆ ಅಂತ ಕೇಳಬಾರದವಳು. ಹತ್ತನೇ ತರಗತಿಯ ಗುಂಪು ಫೋಟೋ ತೆಗೆಸುವಾಗ ಒಬ್ಬಳು ಹುಡುಗಿ ಹಿಂದಿನ ಸಾಲಿಗೆ ಸರಿದು ಉದ್ದದವಳ ಬೆನ್ನ ಹಿಂದೆ ನಿಂತಳು. ನಾನೂ ಹಿಂಗೇ ನಿಂತಿದ್ದೆ. ನನ್ನ ಹತ್ತನೇ ತರಗತಿಯ ಫೋಟೋದಲ್ಲಿ ನನ್ನ ಕಿವಿಯೊಂದೇ ಕಾಣುತ್ತೆ. ಭಾಷಣ ಮಾಡಲಿಲ್ಲ. ಕುರ್ಚಿಯಿಂದೆದ್ದು ಹೋಗಿ ಅವಳ ಪಕ್ಕದಲ್ಲಿ ನಿಂತೆ. ಫೋಟೋದವನು 'ಮೇಡಂ, ನೀವು ಮುಂದೆ ಕೂರಬೇಕು' ಅಂದ. ಇಬ್ಬರೂ ಬರ್ತೀವಿ ಅಂದೆ.

ಮೊನ್ನೆ ಅವ್ವ ಕಳೆ ಕೀಳೋ ಕೆಲಸ ಮುಗಿಸಿ ಬಂದು ಕಾಲು ತೊಳೆಯುತ್ತಾ ಹೇಳಿದಳು, ಭಾನುವಾರ ಇನ್ನೊಂದು ಕಡೆಯವರು ಬರ್ತಾರಂತೆ. 'ಗುಲಾಬಿ ಸೀರ ಉಟ್ಕೊ ಮೊಗ, ಅದ್ರಲ್ಲಿ ಚೂರು ತಿಳಿಯಾಗಿ ಕಾಣ್ತೀಯ.' ಅವಳ ತೋಳಿನ ಗೆರೆ ರವಿಕೆಯಿಂದ ಒಂದು ಬೆರಳು ಈಚೆಗೆ ಬಂದಿತ್ತು, ರವಿಕೆ ಕುಗ್ಗಿದೆ.

'ಉಪ್ಪಿಟ್ಟು ಮಾಡಬೇಡ ಕನವ್ವ' ಅಂದೆ. 'ಮುದ್ದೆ, ಉಪ್ಪುಸಾರು ಮಾಡು. ಉಣ್ಣೋವಾಗ ನಾನೂ ಎದುರಿಗೆ ಕೂರ್ತೀನಿ. ಹುಡುಗನ್ನ ನಾನೂ ನೋಡಬೇಕಲ್ಲ.'

ಅವ್ವ ಚೊಂಬು ಕೆಳಗಿಟ್ಟು ನನ್ನ ಮುಖವನ್ನೇ ನೋಡಿದಳು. ಆಮೇಲೆ, ಉಪ್ಪುಸಾರಿಗೆ ಯಾವ ಸೊಪ್ಪು ತರಾನ ಅಂತ ಕೇಳಿದಳು.