ದುಬಾರಿ ತಂತಿಯೂ ನಮ್ಮ ಕಿವಿಯೂ

ಸಂಗೀತಪ್ರಿಯರಲ್ಲಿ ಬಹುಕಾಲದಿಂದ ಒಂದು ವಾದ ನಡೆದುಬಂದಿದೆ. ಆಂಪ್ಲಿಫೈಯರಿನಿಂದ ಸ್ಪೀಕರಿಗೆ ಹೋಗುವ ತಂತಿಗೆ ಸಾವಿರಾರು ರೂಪಾಯಿ ಸುರಿದರೆ ಹಾಡು ಹೆಚ್ಚು ಇಂಪಾಗುವುದೆಂದು ಒಂದು ಪಕ್ಷ. ತಾಮ್ರವೆಲ್ಲ ತಾಮ್ರವೇ ಎಂದು ಮತ್ತೊಂದು ಪಕ್ಷ. ಪ್ರಾಥಮಿಕ ಶಾಲೆಯ ಉಪಾಧ್ಯಾಯರಾದ ನಮಗೆ ಈ ವಾದದಲ್ಲಿ ತಲೆಹಾಕುವ ಪ್ರಸಂಗ ಬರಬಾರದಾಗಿತ್ತು. ಬಂದಿತು; ಬಂದು ನಮ್ಮ ಮಕ್ಕಳ ಮುಂದೆಯೇ ನಮ್ಮನ್ನು ತಲೆತಗ್ಗಿಸುವಂತೆ ಮಾಡಿತು. ಅದನ್ನು ಮುಚ್ಚಿಡದೆ ಹೇಳುವುದೇ ಈ ಲೇಖನದ ಉದ್ದೇಶ.

ನಮ್ಮ ವಾಸ ಕೃಷ್ಣಾ-ತುಂಗಭದ್ರೆಗಳ ನಡುವಿನ ಮಾನೋಪಾಡಿನಲ್ಲಿ. ಗದ್ವಾಲ, ಆಲಂಪುರ ತಾಲ್ಲೂಕುಗಳು 1956ರವರೆಗೆ ರಾಯಚೂರು ಜಿಲ್ಲೆಗೆ ಸೇರಿದ್ದುವು. ಇಂದು ಬೀದಿಯಲ್ಲಿ ಕೇಳುವುದು ತೆಲುಗು. ಮಕ್ಕಳ ಕಿವಿಗೆ ಶುದ್ಧ ಕನ್ನಡ ಬೀಳಬೇಕಾದರೆ ಮಾಸ್ತರರ ಬಾಯಿಂದ ಬೀಳಬೇಕು, ಇಲ್ಲವೆ ಯಂತ್ರದಿಂದ. ಆದಕಾರಣ ಸಿದ್ಧರಾಮ ಜಂಬಲದಿನ್ನಿಯವರ ವಚನಗಾಯನವನ್ನೂ ಮಲ್ಲಿಕಾರ್ಜುನ ಮನ್ಸೂರರ ಹಾಡುಗಾರಿಕೆಯನ್ನೂ ಮಕ್ಕಳಿಗೆ ಕೇಳಿಸುವ ವಾಡಿಕೆ ಇಟ್ಟುಕೊಂಡಿದ್ದೇವೆ.

ಕಳೆದ ವರ್ಷ ಸ್ಪೀಕರಿನಲ್ಲಿ ಕರಕರ ಸದ್ದು ಹುಟ್ಟಿತು. ಶಕಾರ ಸಕಾರಗಳ ಭೇದವೇ ತಿಳಿಯದಾಯಿತು. ಒಂದು ಅಂಗಡಿಯವರು ಪರದೇಶದ ತಂತಿಯೊಂದನ್ನು ತೋರಿಸಿ, “ರೊಕ್ಕ ನೋಡಬ್ಯಾಡ್ರಿ ಸರ, ತಂತಿ ನೋಡ್ರಿ” ಎಂದರು. ಹತ್ತು ಮೀಟರಿಗೆ 7,000 ರೂಪಾಯಿ. ಸಂಘದಲ್ಲಿ ಮಕ್ಕಳ ಪುಸ್ತಕಗಳಿಗೆಂದು ಕೂಡಿಸಿದ್ದ ಹಣ ಹೆಚ್ಚುಕಡಿಮೆ ಅಷ್ಟೇ ಇತ್ತು. ಅದರಲ್ಲಿ ಹತ್ತಿ ಬಿಡಿಸುವ ತಾಯಂದಿರು ಕೊಟ್ಟ ಹತ್ತಿಪ್ಪತ್ತು ರೂಪಾಯಿಗಳೂ ಸೇರಿದ್ದುವು. ಪುಸ್ತಕ ಮುಂದಿನ ವರ್ಷವೂ ಕೊಳ್ಳಬಹುದು, ಉಚ್ಚಾರಣೆ ಕೆಟ್ಟರೆ ತಿದ್ದಲಾಗದು ಎಂದು ಸಭೆಯಲ್ಲಿ ವಾದಿಸಿ ಒಪ್ಪಿಸಿದವರು ನಾವೇ. ವಾರದೊಳಗೆ ಹಿಂದಿರುಗಿಸಬಹುದೆಂಬ ಕರಾರಿನ ಮೇಲೆ ತಂತಿಯನ್ನು ತಂದೆವು.

ಕಟ್ಟಿದೊಡನೆ ಕರಕರ ಮಾಯವಾಯಿತು. ತಂಬೂರಿಯ ನಾದ ಹಿಂದೆಂದೂ ಕೇಳದಷ್ಟು ತುಂಬಿಬಂದಿತೆಂದು ನಮಗನ್ನಿಸಿತು, ಕಂಡವರಿಗೆಲ್ಲ ಹೇಳಿದೆವು. ಆಗ ಐದನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, “ಸರ, ಹಳೇ ತಂತಿನೇ ಬಿಚ್ಚಿ ಮತ್ತ ಕಟ್ಟಿದ್ರ ಹೋಗ್ತಿತ್ತೇನ್ರೀ?” ಎಂದು ಕೇಳಿದಳು.

ಶಿಕ್ಷಕರ ತರಬೇತಿಯಲ್ಲಿ ನಮಗೆ ಕಲಿಸಿದ್ದೇ ಪ್ರಯೋಗ ಮಾಡಿ ತೋರಿಸಬೇಕೆಂದು. ಆ ಪ್ರಶ್ನೆಯನ್ನು ತಳ್ಳಿಹಾಕುವ ಧೈರ್ಯ ನಮಗಾಗಲಿಲ್ಲ. ಹಳೆಯ ತಂತಿಯ ತುದಿಗಳನ್ನು ನೋಡಿದರೆ ಹಸುರು ಕಿಲುಬು ಹಿಡಿದಿತ್ತು. ಬ್ಲೇಡಿನಿಂದ ಕೆರೆದು, ತಿರುಪನ್ನು ಬಿಗಿಮಾಡಿ ಕಟ್ಟಿದೆವು. ಕರಕರ ಇಲ್ಲ!

ಆದರೂ ನಾದದ ತುಂಬು? ಅದನ್ನೂ ಪರೀಕ್ಷಿಸಿದೆವು. ಪರದೆಯ ಹಿಂದೆ ಆ ಹುಡುಗಿ ನಾಣ್ಯ ಚಿಮ್ಮಿ, ಬಿದ್ದ ಮುಖದಂತೆ ಒಂದು ತಂತಿಯನ್ನು ಕಟ್ಟುವಳು; ನಾವು ಅದೇ ಹಾಡನ್ನು ಕೇಳಿ ಯಾವ ತಂತಿಯೆಂದು ಬರೆಯುವೆವು. ಹನ್ನೆರಡು ಬಾರಿಯಲ್ಲಿ ಏಳು ಸರಿಯಾದುವು. ನಾಣ್ಯವನ್ನೇ ಕೇಳಿದ್ದರೂ ಅಷ್ಟೇ ಉತ್ತರ ಬರುತ್ತಿತ್ತು. ಒಂಬತ್ತನೆಯ ಬಾರಿ “ಇದು ನಿಸ್ಸಂಶಯವಾಗಿ ಹೊಸದು” ಎಂದು ನಾವು ಗಟ್ಟಿಯಾಗಿ ಸಾರಿದ್ದೆವು, ಕಟ್ಟಿದ್ದುದು ಹಳೆಯದು. ಮಕ್ಕಳು ನಗಲಿಲ್ಲ. ನಕ್ಕಿದ್ದರೆ ನಮಗೆ ಹಗುರವಾಗುತ್ತಿತ್ತು.

ನಾವು ಸುಳ್ಳಾಡಿರಲಿಲ್ಲ, ನಮಗೆ ಹಾಗೆಯೇ ಕೇಳಿಸಿತ್ತು. ತಂತಿಯ ಬೆಲೆ ತಿಳಿದ ಮನಸ್ಸು ಕಿವಿಗೆ ಮೊದಲೇ ಉತ್ತರ ಹೇಳಿಕೊಟ್ಟಿತ್ತು.

ಮೇಲಿನ ತರಗತಿಯವರು ಈ ಲೆಕ್ಕವನ್ನು ತಾವೇ ಮಾಡಬಹುದು. ಸ್ಪೀಕರ್ ಹತ್ತು ಮೀಟರ್ ದೂರದಲ್ಲಿದ್ದರೆ ವಿದ್ಯುತ್ತು ಹೋಗಿಬರುವ ದಾರಿ 20 ಮೀಟರ್. 1.5 ಚದರ ಮಿಲಿಮೀಟರಿನ ಸಾಮಾನ್ಯ ತಾಮ್ರದ ತಂತಿ ಅಷ್ಟು ದಾರಿಯಲ್ಲಿ ಒಡ್ಡುವ ರೋಧ ಸುಮಾರು 0.23 ಓಮ್. ಸ್ಪೀಕರಿನದು 8 ಓಮ್. ಅಂದರೆ ಶೇಕಡಾ 3ಕ್ಕಿಂತಲೂ ಕಡಿಮೆ. 0.5 ಚದರ ಮಿಲಿಮೀಟರಿನ ಸಣ್ಣ ತಂತಿಯಾದರೆ ಸುಮಾರು 0.69 ಓಮ್, ಶೇಕಡಾ 8ನ್ನು ಮೀರುತ್ತದೆ, ಅದು ಬೇಡ. ಬೆಳ್ಳಿಯ ರೋಧ ತಾಮ್ರಕ್ಕಿಂತ ಶೇಕಡಾ 6ರಷ್ಟು ಮಾತ್ರ ಕಡಿಮೆ. ತಾಮ್ರದ ತಂತಿಯನ್ನೇ ತುಸು ದಪ್ಪ ಕೊಂಡರೆ ಆ ಲಾಭ ಕೈಸೇರುವುದು. ಕೆಲವು ತಂತಿಗಳ ಮೇಲೆ ನಾದ ಹರಿಯುವ ದಿಕ್ಕೆಂದು ಬಾಣದ ಗುರುತಿರುತ್ತದೆ. ಆದರೆ ಸ್ಪೀಕರಿಗೆ ಹೋಗುವ ವಿದ್ಯುತ್ತು ಸೆಕೆಂಡಿಗೆ ನೂರಾರು, ಸಾವಿರಾರು ಬಾರಿ ಹಿಂದುಮುಂದಾಗುವಂಥದು. ಅದಕ್ಕೆ ಬಾಣವೇನು ಮಾಡೀತು?

ಇನ್ನು ಹಳೆಯ ಧ್ವನಿಮುದ್ರಣಗಳಲ್ಲಿ ಅಂದಿನ ಮೈಕು ಹಿಡಿದಷ್ಟೇ ನಾದವಿದೆ. ಅದರಲ್ಲಿಲ್ಲದುದನ್ನು ಯಾವ ತಂತಿಯೂ ತಂದುಕೊಡಲಾರದು.

ದೊಡ್ಡ ಊರುಗಳಲ್ಲಿಯೂ ಈ ಮೋಹ ಕಡಿಮೆಯಲ್ಲ. 2007ರಲ್ಲಿ ಅಮೆರಿಕೆಯ ಜಾದೂಗಾರ ಜೇಮ್ಸ್ ರ‍್ಯಾಂಡಿಯವರು, 7,250 ಡಾಲರ್ ಬೆಲೆಯ ಹನ್ನೆರಡು ಅಡಿಯ ಜೋಡಿ ತಂತಿಯನ್ನು ಕಿವಿಯಿಂದಲೇ ಗುರುತಿಸಬಲ್ಲವರಿಗೆ 10 ಲಕ್ಷ ಡಾಲರ್ ಕೊಡುವೆನೆಂದು ಪಂಥವೊಡ್ಡಿದರು. ತಯಾರಕರು ತಂತಿ ಕೊಡದೆ ಹಿಂದೆಗೆದರು. ಆ ಪರೀಕ್ಷೆ ನಡೆಯಲೇ ಇಲ್ಲ.

ಹಾಗೆಂದು ಎಲ್ಲ ಅಗ್ಗದ ತಂತಿಯೂ ಸಾಕೆಂದು ಹೇಳಿದಂತಲ್ಲ. ಮೈಕಿನ ತಂತಿಯಲ್ಲಿ ಹರಿಯುವ ವಿದ್ಯುತ್ತು ಬಹು ಕ್ಷೀಣವಾದುದು. ಮೇಲೆ ಲೋಹದ ಜಾಲರಿಯ ಕವಚವಿಲ್ಲದಿದ್ದರೆ ಅದು ದೀಪದ ತಂತಿಯ ಗುಂಯ್‌ಗುಡುವಿಕೆಯನ್ನೂ ಸೆಳೆದುಕೊಳ್ಳುತ್ತದೆ. ಅಲ್ಲಿ ಜಿಪುಣತನ ಸಲ್ಲದು. ಸ್ಪೀಕರಿನ ಗುಣ, ಅದನ್ನಿಟ್ಟ ಸ್ಥಳ, ತಗಡಿನ ಮಾಡಿನ ಪ್ರತಿಧ್ವನಿ, ಇವು ಕಿವಿಗೆ ಮಾಡುವ ವ್ಯತ್ಯಾಸ ದೊಡ್ಡದು.

ಆರನೆಯ ದಿನ ತಂತಿಯನ್ನು ಹಿಂದಿರುಗಿಸಿದೆವು. ಮುಂದಿನ ಸಭೆಯಲ್ಲಿ ಎದ್ದು ನಿಂತು, ನಾವು ತಪ್ಪಿದೆವೆಂದು ಹೇಳುವುದು ಅಂಗಡಿಗೆ ನಡೆದುದಕ್ಕಿಂತ ಕಷ್ಟವಾಯಿತು. ಆ ಹಣದಲ್ಲಿ ಕನ್ನಡ ನಿಘಂಟೂ ಕಥೆಯ ಪುಸ್ತಕಗಳೂ ಬಂದುವು. ನಿಘಂಟನ್ನು ಮೊದಲು ಬಿಚ್ಚಿದವಳು ಅದೇ ಹುಡುಗಿ. ‘ಕಿಲುಬು’ ಎಂಬ ಶಬ್ದವನ್ನು ಹುಡುಕುತ್ತಿದ್ದಳು.

ಉಪಾಧ್ಯಾಯ ಮಿತ್ರರೆ, ಈ ಪರದೆಯ ಪರೀಕ್ಷೆಗೆ ಬೇಕಾದುದು ಒಂದು ಪಂಚೆ, ಒಂದು ನಾಣ್ಯ. ತಮ್ಮ ಶಾಲೆಗಳಲ್ಲಿಯೂ ಮಾಡಿ ನೋಡಿರಿ. ಆದರೆ ಪರದೆಯ ಈಚೆ ತಾವೇ ಕುಳಿತುಕೊಳ್ಳಿರಿ.