ಪತ್ರದಲ್ಲಿ ಬರೆದಿದ್ದರೆ ಅದೇ ನಿಯಮ

ದ್ವಿತೀಯ ಪಿಯುಸಿ ಲೆಕ್ಕಶಾಸ್ತ್ರದಲ್ಲಿ ನಾವೆಲ್ಲ ಓದಿದ್ದೇವೆ: ಪಾಲುದಾರರು ಒಪ್ಪಂದ ಪತ್ರದಲ್ಲಿ ಬರೆದುಕೊಂಡಂತೆ ಲಾಭ ಹಂಚಬೇಕು. ಪತ್ರದಲ್ಲಿ ಏನೂ ಇಲ್ಲದಿದ್ದರೆ 1932ರ ಭಾರತೀಯ ಪಾಲುದಾರಿಕೆ ಕಾಯ್ದೆ ಅನ್ವಯಿಸುತ್ತದೆ. ಆಗ ಲಾಭ ಸಮಪಾಲು, ಬಂಡವಾಳಕ್ಕೆ ಬಡ್ಡಿ ಇಲ್ಲ, ಪಾಲುದಾರರು ಕೊಟ್ಟ ಸಾಲಕ್ಕೆ ಶೇ. 6 ಬಡ್ಡಿ. ಕಂಪ್ಯೂಟರ್ ನಡೆಯುವುದೂ ಹೀಗೆಯೇ ಎಂದು ನನಗೆ ತಿಳಿದದ್ದು ನಮ್ಮ ಬಾಜಿಯ ನಿಕಾಹ್ ಹೊತ್ತಿನಲ್ಲಿ.

ನಮ್ಮ ಮನೆಯಲ್ಲಿರುವುದು ಒಂದೇ ಕಂಪ್ಯೂಟರ್, ಅದರಲ್ಲಿ ಉಬುಂಟು ಇದೆ. ಅಬ್ಬಾ, ಬಾಜಿ, ನಾನು ಮೂವರಿಗೂ ಬೇರೆ ಬೇರೆ ಖಾತೆ. ಲಿಬ್ರೆ ಆಫೀಸ್ ಒಂದೇ. ಆದರೆ ನಾನು ತೆರೆದರೆ ಮೆನು ಕನ್ನಡದಲ್ಲಿ, ಬಾಜಿ ತೆರೆದರೆ ಇಂಗ್ಲಿಷಿನಲ್ಲಿ. ಬಾಜಿ ಮೂರು ವರ್ಷ ಮನೆಯಲ್ಲೇ ಕೂತು ಮದುವೆ ಕಾರ್ಡುಗಳನ್ನು ಟೈಪ್ ಮಾಡಿದವಳು. ಇಂಗ್ಲಿಷಿನಲ್ಲಿ ನಮ್ಮವರ ಹೆಸರು ಬರೆದರೆ ಸಾಕು, ಕೆಳಗೆ ಕೆಂಪು ಗೆರೆ. ಅವಳು ಒಂದೊಂದೇ ಹೆಸರನ್ನು ನಿಘಂಟಿಗೆ ಸೇರಿಸುತ್ತ ಬಂದಿದ್ದಳು. ಅತ್ತೆಮನೆಗೆ ಹೊರಡುವಾಗ ಅಮ್ಮಿ ಪಾತ್ರೆ ಕಟ್ಟುತ್ತಿದ್ದರೆ ಬಾಜಿ, "ನನ್ನ ಹೆಸರುಗಳನ್ನೂ ಕಳಿಸಿಕೊಡು" ಎಂದಳು.

ಅವು ಎಲ್ಲಿರುತ್ತವೆ? ಹುಡುಕುತ್ತ ಹೋದಾಗ ವ್ಯವಸ್ಥೆ ಅರ್ಥವಾಯಿತು. ಲಿನಕ್ಸಿನಲ್ಲಿ ಇಡೀ ಯಂತ್ರಕ್ಕೆ ಅನ್ವಯಿಸುವ ಸೆಟ್ಟಿಂಗ್‌ಗಳು ಸಾಮಾನ್ಯವಾಗಿ 'ಇಟಿಸಿ' ಫೋಲ್ಡರಿನಲ್ಲಿರುತ್ತವೆ. ಅದನ್ನು ಬದಲಿಸಲು ಅಡ್ಮಿನ್ ಅನುಮತಿ ಬೇಕು. ಒಬ್ಬೊಬ್ಬರ ಸ್ವಂತ ಸೆಟ್ಟಿಂಗ್‌ಗಳು ಅವರವರ ಹೋಮ್ ಫೋಲ್ಡರಿನ 'ಡಾಟ್ ಕಾನ್ಫಿಗ್' ಒಳಗಿರುತ್ತವೆ. ತಂತ್ರಾಂಶ ಮೊದಲು ಬಳಕೆದಾರರ ಕಡತ ನೋಡುತ್ತದೆ, ಅಲ್ಲಿ ಇಲ್ಲದ್ದನ್ನು ಸಾಮಾನ್ಯ ಕಡತದಿಂದ, ಅಲ್ಲೂ ಇಲ್ಲದಿದ್ದರೆ ತನ್ನೊಳಗಿನ ಮೂಲ ನಿಯಮದಿಂದ ತೆಗೆದುಕೊಳ್ಳುತ್ತದೆ. ಮೊದಲು ಪತ್ರ, ಆಮೇಲೆ ಕಾಯ್ದೆ! ಪತ್ರದಿಂದ ಬದಲಿಸಲಾಗದ ನಿಯಮಗಳು ಕಾಯ್ದೆಯಲ್ಲಿರುವಂತೆ, ಅಡ್ಮಿನ್ ಬೀಗ ಹಾಕಿದ ಕೆಲವು ಸೆಟ್ಟಿಂಗ್‌ಗಳನ್ನು ನಾವು ಬದಲಿಸಲಾಗದು.

ಹೆಸರಿನ ಮೊದಲಿಗೆ ಚುಕ್ಕೆ ಇರುವುದರಿಂದ ಆ ಫೋಲ್ಡರ್ ಕಣ್ಣಿಗೆ ಬೀಳುವುದಿಲ್ಲ. ಬಾಜಿಯ ಖಾತೆ ತೆರೆದು ಕಂಟ್ರೋಲ್ ಮತ್ತು ಎಚ್ ಒಟ್ಟಿಗೆ ಒತ್ತಿದೆ, ಕಾಣಿಸಿತು. ಅದರೊಳಗೆ ಲಿಬ್ರೆ ಆಫೀಸ್, ಅದರೊಳಗೆ 4, ಯೂಸರ್, ಕೊನೆಗೆ 'ವರ್ಡ್‌ಬುಕ್'. ಅಲ್ಲಿತ್ತು 'ಸ್ಟ್ಯಾಂಡರ್ಡ್' ಎಂಬ ಪುಟ್ಟ ಕಡತ. ತೆರೆದರೆ ಸಾಲಾಗಿ ಹೆಸರುಗಳು: ರುಖ್ಸಾನಾ, ಮೆಹಬೂಬ್, ಜುಬೇದಾ, ದಸ್ತಗೀರ್... ಅರ್ಧ ಮೊಹಲ್ಲಾವೇ ಅಲ್ಲಿತ್ತು.

ಬಾಜಿಯ ಹೊಸ ಮನೆಯ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಇದೆ. ಅಲ್ಲಿ ಎಲ್ಲರಿಗೂ ಸೇರಿದ್ದು 'ಪ್ರೋಗ್ರಾಮ್‌ಡೇಟಾ'ದಲ್ಲಿ, ಒಬ್ಬೊಬ್ಬರದು ಅವರವರ ಹೆಸರಿನ ಫೋಲ್ಡರಿನ 'ಆಪ್‌ಡೇಟಾ'ದಲ್ಲಿ. ಎರಡೂ ಅಡಗಿರುವ ಫೋಲ್ಡರುಗಳೇ. ಪೆನ್‌ಡ್ರೈವಿನಲ್ಲಿ ಒಯ್ದ ಕಡತವನ್ನು ಆಪ್‌ಡೇಟಾದ ರೋಮಿಂಗ್ ಒಳಗೆ ಅದೇ ವರ್ಡ್‌ಬುಕ್‌ಗೆ ಹಾಕಿ ತಂತ್ರಾಂಶವನ್ನು ಮತ್ತೆ ತೆರೆದೆವು.

ಗೆಳೆಯರೇ, ಕಂಪ್ಯೂಟರನ್ನು ಫಾರ್ಮ್ಯಾಟ್‌ಗೆ ಕೊಡುವ ಮುಂಚೆ ನಾವು ಫೋಟೊ, ನೋಟ್ಸ್ ಮಾತ್ರ ಉಳಿಸಿಕೊಳ್ಳುತ್ತೇವೆ. ಈ ಅಡಗಿದ ಫೋಲ್ಡರನ್ನೂ ಒಮ್ಮೆ ನೋಡಿ. ತಂತ್ರಾಂಶವನ್ನು ಯಾರು ಬೇಕಾದರೂ ಮತ್ತೆ ಹಾಕಿಕೊಡುತ್ತಾರೆ; ನಾವು ಅದಕ್ಕೆ ಕಲಿಸಿದ್ದನ್ನು ನಾವೇ ಉಳಿಸಿಕೊಳ್ಳಬೇಕು. ಬಾಜಿ ಅಲ್ಲಿ ಮೊದಲು ಟೈಪ್ ಮಾಡಿದ್ದು ಅಮ್ಮಿಯ ಹೆಸರು. ಕೆಂಪು ಗೆರೆ ಬರಲಿಲ್ಲ.