ದೋಣಿಯ ಅಡಿ ಕೊಳೆತದ್ದು

ಗೇರು ಮರದ ಅಡಿಯಲ್ಲಿ ದೋಣಿ ಯಾಕೆ ಮಲಗಿದೆ, ಮಾರಲಿಕ್ಕುಂಟಾ ಅಂತ ಈ ಎರಡು ತಿಂಗಳಲ್ಲಿ ಕಡಿಮೆ ಅಂದ್ರೂ ಹತ್ತು ಜನ ಕೇಳಿದ್ರು. ಮಾರಲಿಕ್ಕಿಲ್ಲ. ರಿಪೇರಿ ಮುಗಿದು ಮೊನ್ನೆ ಭಾನುವಾರ ಹೊಳೆಗೆ ಇಳಿಸಿ ಆಯ್ತು. ಕೇಳಿದವರಿಗೆಲ್ಲ ಅರ್ಧರ್ಧ ಹೇಳಿದ್ದೇನೆ, ಈಗ ಪೂರ್ತಿ ಬರೆಯುತ್ತೇನೆ. ಸ್ವಲ್ಪ ಉದ್ದ ಆಗ್ತದೆ.

ದೋಣಿ ಯಾಕೆ ಬೇಕಾಯ್ತು ಅಂತ ಹೊಳೆ ಬದಿಯವರಿಗೆ ಹೇಳಬೇಕಾಗಿಲ್ಲ. ಮೆಲ್ಕಾರ್ ಪೇಟೆ ಕಡೆಯವರಿಗೆ ಹೇಳ್ತೇನೆ. ತಾಯಿ ಮನೆ ಪಾಲಿನಲ್ಲಿ ನನಗೆ ಬಂದ 70 ಸೆಂಟ್ಸ್ ಅಡಿಕೆ ತೋಟ ನೇತ್ರಾವತಿಯ ಆಚೆ ದಡದಲ್ಲಿ ಉಂಟು. ಮೊದಲೆಲ್ಲ ಶಿವರಾತ್ರಿ ಕಳೆದ ಮೇಲೆ ಮೊಣಕಾಲು ನೀರಿನಲ್ಲಿ ಲುಂಗಿ ಎತ್ತಿ ಕಟ್ಟಿ ದಾಟಿ ಹೋಗ್ತಿದ್ದೆವು. ತುಂಬೆಯಲ್ಲಿ ಹೊಸ ಅಣೆಕಟ್ಟು ಎತ್ತರ ಆದ ಮೇಲೆ ಬೇಸಗೆಯಲ್ಲೂ ನೀರು ನಿಲ್ಲುತ್ತದೆ. ಮಂಗಳೂರಿನವರಿಗೆ ಕುಡಿಯಲು ಬೇಕು, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಕಾಲ್ನಡಿಗೆಯ ಕಡವು ಹೋಯಿತು. ರಸ್ತೆಯಲ್ಲಾದರೆ ಪಾಣೆಮಂಗಳೂರು ಸೇತುವೆ ದಾಟಿ, ಬಿ.ಸಿ.ರೋಡ್ ಸುತ್ತಿ, ಪಿಕಪ್ ಬಾಡಿಗೆ ಕೊಟ್ಟು ಅಡಿಕೆ ತರಬೇಕು. ನನ್ನ ಹಾಗೆ ಆಚೆ ದಡದಲ್ಲಿ ತೋಟ ಇರುವವರು ಇನ್ನೂ ಎರಡು ಮನೆಯವರು ಇದ್ದಾರೆ.

ಇನ್ನೊಂದು ಕಾರಣ 2019ರ ಆಗಸ್ಟ್. ಬಂಟ್ವಾಳದಲ್ಲಿ ಹೊಳೆಯ ಅಪಾಯದ ಮಟ್ಟ 8.5 ಮೀಟರ್, ಆ ಸಲ ಅದನ್ನು ಎಲ್ಲೋ ದಾಟಿ ಹೋಯಿತು. ಬಂಟ್ವಾಳ ಪೇಟೆ, ಆಲಡ್ಕ ಎಲ್ಲ ನೀರು. 1974ರ ಬೊಳ್ಳ ನೋಡಿದ ಹಿರಿಯರು ಕೂಡ ಜಗಲಿಯಿಂದ ಎದ್ದು ನಿಂತರು. ನಮ್ಮ ಎರಡು ದನಗಳನ್ನು ಬಾಳೆದಿಂಡಿನ ತೆಪ್ಪದ ಬದಿಗೆ ಕಟ್ಟಿ ಈಜಿಸಿ ಮೇಲೆ ತಂದೆವು, ಒಂದು ಕರು ಕೈತಪ್ಪಿತು. ಆ ವರ್ಷದ ಅಡಿಕೆ ಮಾರಿದ ದುಡ್ಡಲ್ಲಿ ಮೂರು ಮನೆಯವರು ಸೇರಿ, ಉಡುಪಿ ಕಡೆಯಿಂದ 16 ಅಡಿಯ ಹಳೇ ಫೈಬರ್ ದೋಣಿ, 8 ಎಚ್‌ಪಿ ಮೋಟಾರು ಸಹಿತ ತಂದೆವು. ಇಡುವುದು, ನೋಡಿಕೊಳ್ಳುವುದು ನನ್ನ ಜವಾಬ್ದಾರಿ ಅಂತ ಆಯ್ತು, ಯಾಕಂದ್ರೆ ನನ್ನ ಜಾಗ ಹೊಳೆಗೆ ಹತ್ತಿರ.

ಫೈಬರ್ ಅಂದ್ರೆ ಕೊಳೆಯುವುದಿಲ್ಲ ಅಂತ ನಾವೆಲ್ಲ ನಂಬಿದ್ದೆವು. ಹೊರಗಿನ ಚಿಪ್ಪು ಕೊಳೆಯುವುದಿಲ್ಲ, ಸರಿ. ಆದರೆ ನಾವು ಕಾಲಿಡುವ ಅಡಿ ಉಂಟಲ್ಲ, ಅದು ಪ್ಲೈವುಡ್, ಮೇಲಿನಿಂದ ತೆಳ್ಳಗೆ ಫೈಬರ್ ಹೊದೆಸಿದ್ದು ಮಾತ್ರ. ಅದರ ಕೆಳಗೆ ಉದ್ದಕ್ಕೆ ಮೂರು ಮರದ ಪಟ್ಟಿ, ಅದಕ್ಕೂ ಫೈಬರ್ ಸುತ್ತಿರುತ್ತದೆ. ಸ್ಟ್ರಿಂಗರ್ ಅಂತಾರೆ. ಪಟ್ಟಿಗಳ ನಡುವೆ ಫೋಮ್ ತುಂಬಿಸಿರ್ತಾರೆ, ದೋಣಿಗೆ ನೀರು ತುಂಬಿದರೂ ಮುಳುಗದೆ ಇರಲಿಕ್ಕೆ. ಎಲ್ಲ ಮುಚ್ಚಿದ ವ್ಯವಸ್ಥೆ. ನೀರು ಒಳಗೆ ಹೋಗದಿದ್ದರೆ ಮೂವತ್ತು ವರ್ಷವೂ ಬಂದೀತು. ಒಂದು ಸಲ ಹೋದರೆ ಹೊರಗೆ ಬರಲಿಕ್ಕೆ ದಾರಿ ಇಲ್ಲ.

ದಾರಿ ಮಾಡಿ ಕೊಟ್ಟದ್ದು ನಾನೇ. ಎರಡನೇ ವರ್ಷ, ಅಡಿಕೆ ಗೋಣಿಗಳು ಆಚೀಚೆ ಜಾರುತ್ತವೆ ಅಂತ ಅಡಿಗೆ ಎರಡು ರೀಪು ಅಡ್ಡ ಇಟ್ಟು ಎಂಟು ಸ್ಕ್ರೂ ಹೊಡೆದೆ. ಎಂಟು ತೂತು. ಒಂದಕ್ಕೂ ಗಮ್ ಹಾಕಿರಲಿಲ್ಲ. ಅದು ಸಾಲದು ಅಂತ ಮಳೆಗಾಲದಲ್ಲಿ ಮೇಲಿಂದ ಟಾರ್ಪಾಲು ಬಿಗಿಯಾಗಿ ಕಟ್ಟಿ ಇಡ್ತಿದ್ದೆ. ಗಾಳಿ ಆಡುವುದಿಲ್ಲ, ಎಲೆ ಬಿದ್ದು ಹಿಂದಿನ ಬಿರಡೆ ತೂತು ಕಟ್ಟಿ ಹೋಗಿರ್ತದೆ, ಒಳಗೆ ನಿಂತ ನೀರು ನಿಂತೇ ಇರ್ತದೆ. ದನದ ಹಟ್ಟಿಯನ್ನು ಹಾಗೆ ಮುಚ್ಚಿ ಇಡುವವನನ್ನು ನಾನೇ ಬಯ್ಯುತ್ತೇನೆ.

ಲಕ್ಷಣ ಕಂಡಿತ್ತು. ಮೊದಲು ಆರು ಜನ ಸೇರಿ ದಡಕ್ಕೆ ಎತ್ತುತ್ತಿದ್ದ ದೋಣಿಯನ್ನು ಎಂಟು ಜನಕ್ಕೂ ಎತ್ತಲಾಗುತ್ತಿರಲಿಲ್ಲ. ವಯಸ್ಸಾಯ್ತು ನಮಗೆ ಅಂತ ನಗಾಡಿದೆವು. ಹೋದ ದೀಪಾವಳಿ ಹೊತ್ತಿಗೆ ನಡುವಿನಲ್ಲಿ ಒಂದು ಕಡೆ ಕಾಲಿಟ್ಟರೆ ಮೆತ್ತಗೆ, ಹಣ್ಣಾದ ಹಲಸಿನ ಹಾಗೆ. ನನಗೆ ಗೊತ್ತಾಯ್ತು. ಅಡಿಕೆ ಕೊಯ್ಲು ಶುರುವಾಗಿತ್ತು, ಈಗ ದೋಣಿ ನಿಲ್ಲಿಸಿದರೆ ಮೂರು ಮನೆಯ ಕೆಲಸ ನಿಲ್ಲುತ್ತದೆ, ಮಾರ್ಚ್ ಕಳೆಯಲಿ ಅಂತ ಲೆಕ್ಕ ಹಾಕಿದೆ. ಹಟ್ಟಿಗೆ ಅಂತ ತಂದ ರಬ್ಬರ್ ಮ್ಯಾಟಿನ ಒಂದು ತುಂಡು ಕತ್ತರಿಸಿ ಅದರ ಮೇಲೆ ಹಾಸಿದೆ. ಕಾಲು ಜಾರದ ಹಾಗೆ ಅಂತ ಉಳಿದವರಿಗೆ ಹೇಳಿದೆ. ಇದನ್ನು ಬರೆಯದೆ ರಿಪೇರಿ ವಿಷಯ ಮಾತ್ರ ಬರೆದರೆ ಸರಿಯಾಗುವುದಿಲ್ಲ.

ಜನವರಿಯಲ್ಲಿ ಒಂದು ಬೆಳಿಗ್ಗೆ ಆಚೆ ದಡದಿಂದ ಗೊನೆ ತುಂಬಿಸಿ ಬರ್ತಾ ಇದ್ದೆವು. ಪಕ್ಕದ ಮನೆ ಭಾವನ ಮಗ, ಪಿಯುಸಿ ಓದುವ ಹುಡುಗ, ಹಗ್ಗ ಬಿಸಾಡಲಿಕ್ಕೆ ಅಂತ ಎದ್ದು ಮ್ಯಾಟಿನ ಮೇಲೆ ಕಾಲಿಟ್ಟ. ಮ್ಯಾಟ್ ಸಹಿತ ಕಾಲು ಮೀನಖಂಡದವರೆಗೆ ಒಳಗೆ ಹೋಯಿತು. ಕೆಳಗಿನ ಚಿಪ್ಪು ಗಟ್ಟಿ ಇದ್ದ ಕಾರಣ ನೀರು ನುಗ್ಗಲಿಲ್ಲ. ಆದರೆ ಒಡೆದ ಫೈಬರಿನ ಅಂಚು ಗಾಜಿನ ಹಾಗೆ. ಏಳು ಹೊಲಿಗೆ. ಹೊಳೆ ಮಧ್ಯದಲ್ಲಿ ಮೋಟಾರು ನಿಲ್ಲಿಸಿ ಅವನ ಕಾಲನ್ನು ಮೆಲ್ಲ ಹೊರಗೆ ತೆಗೆಯುವಾಗ ಹುಡುಗ ಕೇಳಿದ್ದು, “ಮಾವ, ದೋಣಿ ಹಾಳಾಯ್ತಾ?” ಅಂತ.

ಆ ಸಂಜೆ ಭಾವನ ಮನೆಗೆ ಹೋಗಿ ಮ್ಯಾಟಿನ ವಿಷಯ ಹೇಳಿದೆ. ಭಾವ ತುಂಬ ಹೊತ್ತು ಮಾತಾಡಲಿಲ್ಲ. ಎಲೆಅಡಿಕೆ ತಟ್ಟೆ ನನ್ನ ಕಡೆ ದೂಡಿದರು, ಅಷ್ಟೆ. ಅಕ್ಕ ಮಾತ್ರ ಒಳಗಿನಿಂದ ಬಂದು, “ನಿನ್ನ ಮಗ ಆಗಿದ್ದರೆ ಮ್ಯಾಟ್ ಹಾಸ್ತಿದ್ದೆಯಾ?” ಅಂತ ಕೇಳಿದರು. ಉತ್ತರ ಕೊಡ್ಲಿಕ್ಕೆ ಆಗ್ಲಿಲ್ಲ.

ಇನ್ನು ಕೆಲಸದ ವಿಷಯ. ಫೈಬರ್ ಕೆಲಸ ಗೊತ್ತಿರುವ ಒಬ್ಬರು ಉಳ್ಳಾಲ ಕಡೆಯಿಂದ ಎರಡು ದಿನ ಬಂದು ತೋರಿಸಿ ಕೊಟ್ಟರು, ಉಳಿದದ್ದು ನಾನು ಮತ್ತು ಭಾವ ಮಾಡಿದೆವು. ಹೌದು, ಭಾವ ಮೂರನೇ ದಿನವೇ ಬಂದರು, ಗ್ರೈಂಡರ್ ತಗೊಂಡು.

ಮೊದಲು ಅಡಿಯನ್ನು ಸುತ್ತ ಎರಡು ಇಂಚು ಅಂಚು ಬಿಟ್ಟು ಕೊಯ್ಯಬೇಕು, ಹೊಸ ಹಲಗೆ ಆ ಅಂಚಿಗೆ ಹಿಡಿಯಬೇಕಲ್ಲ. ಬ್ಲೇಡು ಪ್ಲೈವುಡ್‌ನ ದಪ್ಪಕ್ಕಿಂತ ಕೆಳಗೆ ಹೋಗಬಾರದು, ಹೋದರೆ ಹೊರಚಿಪ್ಪೇ ಗಾಯ. ನಾನು ಅಂಗಳದಲ್ಲೇ ಶುರು ಮಾಡಿದ್ದೆ. ಹತ್ತು ನಿಮಿಷದಲ್ಲಿ ಮನೆಯವಳು ಬೊಬ್ಬೆ ಹಾಕಿದಳು. ಒಣಗಲಿಕ್ಕೆ ಹಾಕಿದ ಅಡಿಕೆ ಮೇಲೆ ಆ ಧೂಳು ಹಾರ್ತಾ ಇತ್ತು. ಅವಳು ಹೇಳಿದ್ದೇ ಸರಿ, ಅದು ಗಾಜಿನ ಪುಡಿ. ಹಾಗೆ ದೋಣಿ ಗೇರು ಮರದ ಅಡಿಗೆ ಹೋಯಿತು. ಮಾಸ್ಕ್, ಕನ್ನಡಕ, ಉದ್ದ ಕೈಯ ಅಂಗಿ ಇಲ್ಲದೆ ಇದಕ್ಕೆ ಕೈ ಹಾಕಬೇಡಿ. ನಾನು ಬನಿಯನಿನಲ್ಲಿ ಮಾಡಿ, ಬಿಸಿ ನೀರಿನಲ್ಲಿ ಮಿಂದು, ಮೂರು ರಾತ್ರಿ ತುರಿಸಿಕೊಂಡೆ. ಮೊದಲು ತಣ್ಣೀರಿನಲ್ಲೇ ತೊಳೆದುಕೊಳ್ಳಬೇಕಂತೆ.

ಮೇಲಿನ ಸಿಪ್ಪೆ ಎತ್ತಿದರೆ ಪ್ಲೈವುಡ್ ಅಂತ ಹೇಳುವ ವಸ್ತುವೇ ಇಲ್ಲ. ಕಪ್ಪು ಗೊಬ್ಬರ. ಕೈಯಲ್ಲಿ ಬಾಚಿ ತೆಗೆದೆವು. ಸ್ಕ್ರೂ ಹೊಡೆದ ಎಂಟು ಜಾಗದ ಸುತ್ತ ಅತಿ ಹೆಚ್ಚು, ಅಲ್ಲಿಂದ ದೂರ ಹೋದ ಹಾಗೆ ಕಡಿಮೆ. ಅಣಬೆ ರೋಗ ಬಂದ ಅಡಿಕೆ ಮರ ನೀವು ನೋಡಿದ್ದೀರಿ, ಮೇಲೆ ಸೋಗೆ ಇನ್ನೂ ಹಸಿರು ಇರುವಾಗಲೇ ಬುಡದಲ್ಲಿ ಕೆಲಸ ಮುಗಿದಿರ್ತದೆ. ಅದೇ ಕಥೆ. ಫೋಮನ್ನು ಹಾರೆಯಲ್ಲಿ ಅಗೆದು ಗೋಣಿಗೆ ತುಂಬಿಸಿ, ಕುತೂಹಲಕ್ಕೆ ಅಡಿಕೆ ತೂಗುವ ಕಾಟಕ್ಕೆ ಇಟ್ಟೆವು. 64 ಕೆ.ಜಿ. ಹಿಂಡಿದರೆ ನೀರು. ಹೊಸತರಲ್ಲಿ ಅದು ನಾಲ್ಕೈದು ಕೆ.ಜಿ.ಯೂ ಇರಲಿಕ್ಕಿಲ್ಲ. ಅಂದ್ರೆ ಒಬ್ಬ ಆಳಿನಷ್ಟು ನೀರನ್ನು ನಾವು ವರ್ಷಗಟ್ಟಲೆ ಪೆಟ್ರೋಲ್ ಸುಟ್ಟು ಆಚೆ ಈಚೆ ಸಾಗಿಸ್ತಾ ಇದ್ದೆವು.

ಮರದ ಪಟ್ಟಿಗಳನ್ನು ಸುತ್ತಿಗೆಯ ಹಿಡಿಯಿಂದ ಬಡಿದು ನೋಡಿದೆವು, ಹಲಸಿನಕಾಯಿ ಬಡಿದ ಹಾಗೆ. ಒಳ್ಳೆಯದು ಟಣ್ ಅಂತದೆ, ಹಾಳಾದದ್ದು ಡಬ್ ಅಂತದೆ. ಸಂಶಯ ಬಂದ ಕಡೆ ಕಾಲಿಂಚಿನ ಡ್ರಿಲ್ ಹೊಡೆದು ಹೊಟ್ಟು ನೋಡಿದೆವು. ಬದಿಯ ಎರಡು ಪಟ್ಟಿಯಲ್ಲಿ ಒಣ ಹೊಟ್ಟು ಬಂತು. ನಡುವಿನದರಲ್ಲಿ ನಾಲ್ಕಡಿ ಉದ್ದಕ್ಕೆ ಕಪ್ಪು ಕೆಸರು. ಅಷ್ಟನ್ನು, ಆಚೀಚೆ ಗಟ್ಟಿ ಮರ ಸಿಗುವಲ್ಲಿಂದ ಇನ್ನೂ ಅರ್ಧ ಅಡಿ ಸೇರಿಸಿ, ಕೊಯ್ದು ತೆಗೆದೆವು. ಹೆಬ್ಬಲಸಿನ ಹಳೇ ಜಂತಿ ಒಂದು ಇತ್ತು, ಅದರಿಂದ ಹೊಸ ತುಂಡು.

ಆಮೇಲೆ ನಾಲ್ಕು ವಾರ ಏನೂ ಮಾಡಲಿಲ್ಲ. ಒಣಗಲಿಕ್ಕೆ ಬಿಟ್ಟದ್ದು. ಇದೇ ಕಷ್ಟದ ಕೆಲಸ. ಹಸಿ ಇರುವಾಗ ಮೇಲಿಂದ ಫೈಬರ್ ಹಾಕಿದರೆ ಹಿಡಿಯುವುದಿಲ್ಲ, ಹಿಡಿದರೂ ಒಳಗಿನ ಹಸಿಯನ್ನು ನೀವೇ ಮುಚ್ಚಿ ಕೊಟ್ಟ ಹಾಗೆ. ಮಳೆಗಾಲದಲ್ಲಿ ಈ ಕೆಲಸ ಬೇಡವೇ ಬೇಡ.

ಆ ದಿನಗಳಲ್ಲಿ ಹೊಳೆ ಬದಿಯ ಕಾಕ ಒಬ್ಬರು ಬಂದು ಕೂರ್ತಿದ್ದರು. ಮರದ ದೋಣಿಯಲ್ಲಿ ನಲವತ್ತು ವರ್ಷ ಜಲ್ಲೆ ಹಾಕಿದವರು. ಪ್ರತಿ ವರ್ಷ ಮಳೆಗೆ ಮೊದಲು ದೋಣಿ ಕವುಚಿ ಹಾಕಿ, ಒಣಗಿಸಿ, ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯುತ್ತಿದ್ದರಂತೆ. “ಮರ ನೀರು ಕುಡೀತದೆ, ಬಿಸಿಲಿಗೆ ಇಟ್ಟರೆ ಬಿಡ್ತದೆ. ನಿಮ್ಮ ಇದು ಕುಡಿದದ್ದನ್ನು ಬಿಡುವ ಜಾತಿ ಅಲ್ಲ” ಅಂದರು.

ಪ್ಲೈವುಡ್ ವಿಷಯ ನೆನಪಿಡಿ. ಅಂಗಡಿಯಲ್ಲಿ ವಾಟರ್‌ಪ್ರೂಫ್ ಅಂತ ಕೊಡುವುದೆಲ್ಲ ದೋಣಿಗೆ ಆಗುವುದಿಲ್ಲ. ಹಲಗೆಯ ಮೇಲೆ ಐಎಸ್ 710 ಅಂತ ಸೀಲ್ ಇರಬೇಕು, ಅದು ಮರೈನ್ ಪ್ಲೈವುಡ್. ಐಎಸ್ 303 ಅಂದ್ರೆ ಮನೆಯ ಕಪಾಟಿನ ಲೆಕ್ಕದ್ದು. ನಾನು ಎರಡು ಕಡೆಯಿಂದ ಕೈಯಗಲದ ತುಂಡು ಕೇಳಿ ತಂದು ಬಚ್ಚಲಿನ ಹಂಡೆಗೆ ಹಾಕಿ ಕುದಿಸಿದೆ. ಸೀಲೇ ಇಲ್ಲದ ಅಗ್ಗದ್ದು ಸಂಜೆಗೆ ಪುಸ್ತಕದ ಹಾಳೆಯ ಹಾಗೆ ಬಿಡಿಸಿಕೊಂಡಿತು. 710 ಮರುದಿನವೂ ಹಾಗೇ ಇತ್ತು. ಮಿಂದ ನೀರು ಒಂಥರಾ ವಾಸನೆ ಅಂತ ಮನೆಯಲ್ಲಿ ದೂರು ಬಂತು, ಅದು ಬೇರೆ.

ರೆಸಿನ್, ಫೈಬರ್ ಮ್ಯಾಟ್ ಮಂಗಳೂರಿನ ಬಂದರು ಕಡೆಯಿಂದ ತಂದೆ. ಮ್ಯಾಟ್ 450 ಗ್ರಾಮಿನದ್ದು. ರೆಸಿನ್‌ಗೆ ಎರಡು ಔಷಧ ಉಂಟು, ಒಂದು ಕೋಬಾಲ್ಟ್, ಒಂದು ಹಾರ್ಡನರ್. ಬೋರ್ಡೋ ಮಾಡುವಾಗ ಮೈಲುತುತ್ತು ಬೇರೆ, ಸುಣ್ಣ ಬೇರೆ ಕರಗಿಸುತ್ತೇವಲ್ಲ, ಇಲ್ಲಿ ಆ ಶಿಸ್ತು ಹತ್ತು ಪಾಲು ಬೇಕು. ಕೋಬಾಲ್ಟನ್ನು ಮೊದಲು ರೆಸಿನ್‌ಗೆ ಹಾಕಿ ಚೆನ್ನಾಗಿ ಕಲಸಿ, ಆಮೇಲೆ ಹಾರ್ಡನರ್. ಅವೆರಡನ್ನು ನೇರ ಒಟ್ಟಿಗೆ ಯಾವತ್ತೂ ಹಾಕಬೇಡಿ, ಬೆಂಕಿ ಹಿಡಿದು ಸಿಡಿಯುತ್ತದೆ. ಬಾಟಲಿಗಳನ್ನು ಕೂಡ ಒಂದೇ ಕಡೆ ಇಡಬೇಡಿ. ಕೋಬಾಲ್ಟ್ ಸೇರಿಸಿಯೇ ಬರುವ ರೆಸಿನ್ ಸಿಗುತ್ತದೆ, ನಮ್ಮಂಥವರಿಗೆ ಅದೇ ಒಳ್ಳೆಯದು. ಹಾರ್ಡನರ್ ಕೆ.ಜಿ.ಗೆ 10ರಿಂದ 20 ಗ್ರಾಂ, ಬಿಸಿಲು ಜೋರಿದ್ದರೆ ಕಡಿಮೆ. ನಾನು ಏಪ್ರಿಲಿನ ಮಧ್ಯಾಹ್ನ ಒಂದು ಕೆ.ಜಿ. ಒಟ್ಟಿಗೆ ಕಲಸಿದೆ. ಬ್ರಶ್ ಅದ್ದುವ ಮೊದಲೇ ಬಾಲ್ದಿಯಲ್ಲಿ ಹೊಗೆ ಎದ್ದು ಕಲ್ಲಾಯ್ತು. ಬಾಲ್ದಿಯೂ ಹೋಯ್ತು. ಮತ್ತೆ ಬೆಳಿಗ್ಗೆ ಆರರಿಂದ ಒಂಬತ್ತರವರೆಗೆ ಮಾತ್ರ, ಅರ್ಧ ಕೆ.ಜಿ. ಲೆಕ್ಕದಲ್ಲಿ ಮಾಡಿದೆವು.

ಹಲಗೆಯನ್ನು ಹಾಕುವ ಮೊದಲೇ ಎರಡೂ ಮುಖ, ನಾಲ್ಕೂ ಅಂಚಿಗೆ ಎರಡು ಸಲ ರೆಸಿನ್ ಬಳಿದೆವು. ಅಂಚೇ ನೀರು ಕುಡಿಯುವ ಬಾಯಿ. ಹಳೇ ಫೈಬರಿನ ಮೇಲೆ ಹೊಸತು ಹಿಡಿಯಬೇಕಾದರೆ ಹೊಳಪು ಪೂರಾ ಹೋಗುವಷ್ಟು ಉಜ್ಜಿ, ಅಸಿಟೋನ್‌ನಲ್ಲಿ ಒರೆಸಬೇಕು. ಹಲಗೆ ಕೂರಿಸಿ, ಕೆಂಪುಕಲ್ಲು ಹೇರಿ ಒಂದು ರಾತ್ರಿ ಬಿಟ್ಟು, ಮೇಲಿಂದ ಎರಡು ಪದರ ಮ್ಯಾಟ್. ರೋಲರಿನಲ್ಲಿ ಗುಳ್ಳೆ ಹೊರಗೆ ಹಾಕುವ ಕೆಲಸ ಭಾವನದ್ದು, ಅವರ ಕೈ ನನಗಿಂತ ತಾಳ್ಮೆಯದ್ದು. ಕೊನೆಯ ಪದರ ಹಸಿ ಇರುವಾಗ ಜರಡಿ ಹಿಡಿದ ಹೊಳೆಯ ಮರಳು ಉದುರಿಸಿದೆವು, ಕಾಲು ಜಾರುವುದಿಲ್ಲ. ಮ್ಯಾಟ್ ಬೇಡ ಇನ್ನು.

ಒಳಗೆ ಎರಡು ಬದಲಾವಣೆ ಮಾಡಿದೆವು. ಫೋಮ್ ಸುರಿದು ತುಂಬಿಸಲಿಲ್ಲ, ನೀರು ಕುಡಿಯದ ಶೀಟ್ ಫೋಮ್ ಕತ್ತರಿಸಿ ಇಟ್ಟು, ಕೆಳಗೆ ನೀರು ಹಿಂದಕ್ಕೆ ಹರಿದು ಬರಲು ಸಂದು ಬಿಟ್ಟೆವು. ಮತ್ತೆ ಅಡಿಯಲ್ಲಿ ತಿರುಗಿಸಿ ತೆಗೆಯುವ ಎರಡು ಉರುಟು ಮುಚ್ಚಳ. ಯಾರು ಬೇಕಾದರೂ ತೆಗೆದು ಕೈ ಹಾಕಿ ನೋಡಬಹುದು. ಇದು ಭಾವ ಹೇಳಿದ್ದು. ಯಾಕೆ ಹೇಳಿದರು ಅಂತ ನಾನೂ ಕೇಳಲಿಲ್ಲ, ಅವರೂ ವಿವರಿಸಲಿಲ್ಲ. ರೀಪನ್ನು ಸ್ಕ್ರೂ ಇಲ್ಲದೆ ಫೈಬರಿನಲ್ಲೇ ಅಂಟಿಸಿದೆವು.

ಒಟ್ಟು ಖರ್ಚು 14,300 ರೂಪಾಯಿ, ನಮ್ಮ ಕೂಲಿ ಬಿಟ್ಟು. ಮೂರನೇ ಮನೆಯವರು ಪಾಲು ಕೊಡುವುದಿಲ್ಲ ಅಂದರು, ಸ್ಕ್ರೂ ಹೊಡೆದವನು ಕೊಡಲಿ ಅಂತ. ಅವರು ಹೇಳಿದ್ದರಲ್ಲಿ ತಪ್ಪಿಲ್ಲ. ಭಾವ ಮಾತ್ರ ಅವರ ಪಾಲನ್ನು ನಮ್ಮ ದೇವರ ಕೋಣೆಯ ಹಲಗೆ ಮೇಲೆ ಇಟ್ಟು ಹೋಗಿದ್ದಾರೆ. ನಾನು ತೆಗೆದಿಲ್ಲ, ಅವರು ವಾಪಸು ಕೊಂಡುಹೋಗುತ್ತಿಲ್ಲ.

ಮೊನ್ನೆ ಭಾನುವಾರ ದೋಣಿ ಇಳಿಸುವಾಗ ಐದೇ ಜನಕ್ಕೆ ಎದ್ದಿತು. ಹುಡುಗ ಬಂದು ಹತ್ತಿ ನಡುವಿನಲ್ಲಿ ನಿಂತು ಎರಡು ಸಲ ಹಾರಿದ. ಅಕ್ಕ ದಡದಲ್ಲಿ ನಿಂತಿದ್ದರು, ಅವನನ್ನು ಕೂಡಲೇ ಇಳಿಸಿದರು. ಆಚೆ ದಡಕ್ಕೆ ಅವನನ್ನು ಇನ್ನೂ ಬಿಡುತ್ತಿಲ್ಲ. ಬಿಡುವಾಗ ಬಿಡ್ತಾರೆ. ನಾನು ಮುಚ್ಚಳ ತೆಗೆದು ತೋರಿಸಿದ್ದೇನೆ.

ಎರಡು ಕೆ.ಜಿ. ರೆಸಿನ್, ಒಂದೂವರೆ ಮೀಟರ್ ಮ್ಯಾಟ್ ಉಳಿದಿದೆ. ಹೆಚ್ಚು ದಿನ ಇಟ್ಟರೆ ತಾನೇ ದಪ್ಪ ಆಗಿ ಹಾಳಾಗ್ತದೆ. ಫೈಬರ್ ಟ್ಯಾಂಕಿ ಸೋರುವವರು, ಮೋಟಾರು ಶೆಡ್ಡಿನ ಫೈಬರ್ ಶೀಟ್ ಒಡೆದವರು ಪತ್ತನಾಜೆಯ ಮೊದಲು ತಗೊಂಡು ಬನ್ನಿ. ಪೂರ್ತಿ ಒಣಗಿಸಿ ತನ್ನಿ. ಬೆಳಿಗ್ಗೆ ಆರಕ್ಕೆ ಬಂದರೆ ಒಂಬತ್ತರ ಒಳಗೆ ಮಾಡಿ ಕಳಿಸುವ.